ನೈರೋಬಿಯಲ್ಲಿ ಅಡ್ಜಸ್ಟ್ ಆಗ್ತಿರೋದು ಯಾರು?

"ಆಫ್ರಿಕಾದಲ್ಲಿ ಅಡ್ಜಸ್ಟ್ ಆಗೋದು ಬಹಳ ಕಷ್ಟ ಸಾರ್."

ಕೀನ್ಯಾ, ಉಗಾಂಡ, ತಾಂಜಾನಿಯಾ ಕಡೆ ಕೆಲಸಕ್ಕೆ ಹೋಗಿ ರಜಕ್ಕೆ ಬಂದ ನಮ್ಮ ದೇಶದ ದೊಡ್ಡ ಮನುಷ್ಯರ ಬಾಯಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಕರೆಂಟ್ ಇರಲ್ಲ, ನೀರು ಬರಲ್ಲ, ರೋಡ್ ಸರಿ ಇಲ್ಲ, ಕಳ್ಳರ ಕಾಟ, ಒಳ್ಳೆ ಊಟ ಸಿಗಲ್ಲ (ಇದು ಶುದ್ಧ ಸುಳ್ಳು, ಮುಂದೆ ಹೇಳ್ತೀನಿ), ಕೊನೆಗೆ ಗೊತ್ತಲ್ಲ, "ಆ ಜನಾನೇ ಸರಿ ಇಲ್ಲ." ಕೇಳಿದವರು ಅಯ್ಯೋ ಪಾಪ, ಎಷ್ಟು ಕಷ್ಟಪಟ್ಟು ದುಡೀತಾರೆ ಅಂತಾರೆ. ಇವರು ಕಾಫಿ ಲೋಟ ಕೆಳಗಿಟ್ಟು ಇನ್ನೊಂದು ಕತೆ ಶುರು ಮಾಡ್ತಾರೆ.

ಇದಕ್ಕೊಂದು ಉತ್ತರ ಬರೀಬೇಕು ಅಂತ ಬಹಳ ದಿನದಿಂದ ಇತ್ತು. ಇವತ್ತು ಎರಡನೇ ಶನಿವಾರ, ಆಫೀಸಿಲ್ಲ. ಉದ್ದ ಆಗುತ್ತೆ, ಬಂಧುಗಳು ಸಮಾಧಾನವಾಗಿ ಓದಬೇಕು. ಯಾಕಂದ್ರೆ ಈಗ ನಮ್ಮ ಕೇರಿಗಳ ಹುಡುಗರೂ ಆ ಕಡೆ ಹೊರಟಿದ್ದಾರೆ. ಬಿ.ಕಾಂ. ಮಾಡಿ, ಟ್ಯಾಲಿ ಕಲಿತು, ಇಲ್ಲಿ ಹದಿನೈದು ಸಾವಿರಕ್ಕೆ ದುಡಿಯೋ ಹುಡುಗನಿಗೆ ನೈರೋಬಿಯ ಹಾರ್ಡ್‌ವೇರ್ ಹೋಲ್‌ಸೇಲ್ ಅಂಗಡಿಯ ಲೆಕ್ಕ ಬರೆಯೋಕೆ ಮೂರು ಪಟ್ಟು ಸಂಬಳ ಕೊಡ್ತೀವಿ ಅಂದ್ರೆ ಹೋಗದೆ ಏನು ಮಾಡ್ತಾನೆ? ನನ್ನ ಅಕ್ಕನ ಮಗನೇ ಹೋಗಿ ಒಂದೂವರೆ ವರ್ಷ ಆಯ್ತು. ಕಳೆದ ತಿಂಗಳು ಇನ್ನೂ ಮೂರು ಜನ ಬಂದು "ಅಣ್ಣ, ಹೋಗಬಹುದಾ? ಅಲ್ಲಿ ಹೊಂದ್ಕೊಳ್ಳೋಕೆ ಆಗುತ್ತಾ?" ಅಂತ ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೀತಿದ್ದೀನಿ.

ಮೊದಲು ಈ "ಕಷ್ಟ"ಗಳ ವಿಚಾರ. ಕರೆಂಟ್ ಹೋಗುತ್ತೆ. ಹೌದು, ಹೋಗುತ್ತೆ. 2023ರ ಆಗಸ್ಟ್‌ನಲ್ಲಿ ಕೀನ್ಯಾ ದೇಶಕ್ಕೆ ದೇಶವೇ ಕತ್ತಲಾಗಿ ನೈರೋಬಿ ವಿಮಾನ ನಿಲ್ದಾಣದಲ್ಲೂ ಜನ ಮೊಬೈಲ್ ಬೆಳಕಲ್ಲಿ ಕೂತಿದ್ದರು. ನೀರು ವಾರಕ್ಕೆ ಇಂತಿಷ್ಟು ದಿನ ಅಂತ ಬಿಡ್ತಾರೆ, ಮಿಕ್ಕ ದಿನ ಟ್ಯಾಂಕರ್. ಇದನ್ನು ಕೇಳಿ ಯಾರು ಬೆಚ್ಚಿ ಬೀಳಬೇಕು ಹೇಳಿ? ಊರ ಬಾವಿಗೆ ಹಗ್ಗ ಇಳಿಸೋಕೆ ಬಿಡದೆ, ಮೇಲಿನವರು ಯಾರಾದರೂ ಬಂದು ಸೇದಿ ಹಾಕಲಿ ಅಂತ ಬಿಂದಿಗೆ ಇಟ್ಕೊಂಡು ದೂರ ಕೂತಿದ್ದವರ ಮೊಮ್ಮಕ್ಕಳು ನಾವು. ಊರಿಗೆಲ್ಲ ನಲ್ಲಿ ಬಂದು ಎಷ್ಟೋ ವರ್ಷ ಆದ ಮೇಲೆ ಕೇರಿಗೆ ಒಂದು ನಲ್ಲಿ ಬಂತು, ಅದೂ ಗ್ರಾಮ ಪಂಚಾಯ್ತಿ ಮುಂದೆ ಧರಣಿ ಕೂತ ಮೇಲೆ. ಚಿಮಣಿ ಬುಡ್ಡಿಯಲ್ಲಿ ಎಸ್ಸೆಸ್ಸೆಲ್ಸಿ ಓದಿದವರು ನಾವು. "ಅಭಿವೃದ್ಧಿಶೀಲ ದೇಶದಲ್ಲಿ ಬದುಕೋದು ಹೇಗೆ" ಅನ್ನೋ ಪಾಠ ಇವರು ದುಡ್ಡು ಕೊಟ್ಟು ಕಲೀಬೇಕು. ನಮಗೆ ಹುಟ್ಟಿದಾಗಿನಿಂದ ಪುಕ್ಕಟೆ ತರಬೇತಿ ಆಗಿದೆ.

ಇನ್ನೊಂದು ವಿಷಯ. ಈ ಕಷ್ಟ ಹೇಳೋರು ನಿಜವಾಗಿ ಅಡ್ಜಸ್ಟ್ ಆದರಾ? ಇಲ್ಲ ಕಣ್ರೀ. ಕರೆಂಟ್ ಹೋದರೆ ಅಪಾರ್ಟ್‌ಮೆಂಟಿನ ಜನರೇಟರ್ ಹಾಕ್ಕೋತಾರೆ. ನೀರು ಹೋದರೆ ಬೋರ್‌ವೆಲ್ ಇದೆ. ರೋಡ್ ಕೆಟ್ಟಿದ್ದರೆ ದೊಡ್ಡ ಕಾರು, ಕಾರಿಗೆ ಡ್ರೈವರ್. ಗೇಟಿಗೆ ಇಬ್ಬರು ಅಸ್ಕಾರಿ, ಅಂದ್ರೆ ವಾಚ್‌ಮನ್ನು. ಒಳಗೆ ಪಾತ್ರೆ, ಬಟ್ಟೆ, ಮಗು ಎಲ್ಲದಕ್ಕೂ ಒಬ್ಬ ಹೆಣ್ಣುಮಗಳು. ನೈರೋಬಿಯ ಬಾಡಿಗೆ ಮನೆ ಜಾಹೀರಾತಿನಲ್ಲಿ "ಮೂರು ಬೆಡ್‌ರೂಮ್, ಡಿಎಸ್‌ಕ್ಯು ಇದೆ" ಅಂತ ಹಾಕಿರ್ತಾರೆ. ಡಿಎಸ್‌ಕ್ಯು ಅಂದ್ರೆ ಮನೆಗೆಲಸದವರು ಇರೋ ಕೋಣೆ. ಬಿಳಿಯರ ಕಾಲದ ಪದ, ಬಿಳಿಯರು ಹೋದರೂ ಕೋಣೆ ಹೋಗಿಲ್ಲ. ಜನರೇಟರ್ ಇಲ್ಲದ ಮನೆಯಿಂದ ಬೆಳಗ್ಗೆ ನಾಲ್ಕಕ್ಕೆ ಎದ್ದು, ಎರಡು ಮಟಾಟು ಬದಲಾಯಿಸಿ ಬಂದು, ಇವರ ಗೇಟು ತೆಗೆದು, ಇವರ ಕಾರು ತೊಳೆದು ನಿಲ್ಲಿಸ್ತಾನಲ್ಲ, ಅಡ್ಜಸ್ಟ್ ಆಗ್ತಿರೋನು ಅವನು.

ಈಗ ನಮ್ಮ ಹುಡುಗನ ವಿಷಯಕ್ಕೆ ಬರ್ತೀನಿ. ಊರು ಹೊಂದಿಕೊಳ್ಳೋಕೆ ಅವನಿಗೆ ಹಿಡಿದದ್ದು ಮೂರು ವಾರ. ಆಫ್ರಿಕಾ ಅಂದ್ರೆ ಕೆಂಡದಂಥ ಬಿಸಿಲು ಅನ್ಕೊಂಡು ಒಂದು ಸ್ವೆಟರೂ ತಗೊಂಡು ಹೋಗಿರಲಿಲ್ಲ. ನೈರೋಬಿ ಇರೋದು ಹತ್ತಿರ ಹತ್ತಿರ 1,800 ಮೀಟರ್ ಎತ್ತರದಲ್ಲಿ, ಬೆಂಗಳೂರಿನ ಎರಡು ಪಟ್ಟು ಎತ್ತರ. ಜುಲೈನಲ್ಲಿ ನಡುಗಿ ಹೋದ. ಬೀದಿ ಬದಿ ಮಾರೋ ಹಳೇ ಜರ್ಕಿನ್ ತಗೊಂಡ. ಮೀಟರಿಗೆ ಮೊದಲೇ ದುಡ್ಡು ಹಾಕಬೇಕು. ಮೊಬೈಲಿನಲ್ಲಿ ಕಟ್ಟಿದರೆ 20 ಅಂಕಿಯ ಒಂದು ನಂಬರ್ ಬರುತ್ತೆ, ಅದನ್ನು ಮೀಟರಿನಲ್ಲಿ ಒತ್ತಿದರೆ ಕರೆಂಟು. ಅದನ್ನು ಕಲಿತ. ಮೊಬೈಲಿನಲ್ಲೇ ದುಡ್ಡು ಕಳಿಸೋ ಎಂ-ಪೆಸಾ ಅಲ್ಲಿ ಶುರುವಾದದ್ದು 2007ರಲ್ಲಿ. ಮಾಮೂಲಿ ಕೀಪ್ಯಾಡ್ ಫೋನಿನಲ್ಲಿ, ಬ್ಯಾಂಕ್ ಖಾತೆ ಇಲ್ಲದ ತರಕಾರಿ ಮಾರೋ ಹೆಂಗಸೂ ಉಪಯೋಗಿಸ್ತಾಳೆ. ನಮ್ಮ ಯುಪಿಐ ಬಂದದ್ದು 2016ರಲ್ಲಿ. "ಆ ಕಾಡುಜನಕ್ಕೆ ಏನು ಗೊತ್ತು" ಅನ್ನೋ ಮಹಾಶಯರು ಇದನ್ನು ಒಂದು ಚೀಟಿಯಲ್ಲಿ ಬರೆದು ಜೇಬಲ್ಲಿ ಇಟ್ಕೋಬೇಕು.

ಊಟ ಸಿಗಲ್ಲ ಅಂತಾರಲ್ಲ. ಮೆಕ್ಕೆಜೋಳದ ಹಿಟ್ಟಿನ ಉಗಾಲಿ ಅಂತ ಮಾಡ್ತಾರೆ. ಬಿಸಿನೀರಿಗೆ ಹಿಟ್ಟು ಹಾಕಿ, ಕೋಲಲ್ಲಿ ತಿರುವಿ, ಗಟ್ಟಿ ಮಾಡಿ, ಕೈಯಲ್ಲಿ ಮುರಿದು ಸಾರಿಗೆ ಅದ್ದಿ ತಿನ್ನೋದು. ಎಲ್ಲಾದರೂ ನೋಡಿದ ಹಾಗಿದೆಯಾ? ಜೊತೆಗೆ ಸುಕುಮಾ ವಿಕಿ ಅನ್ನೋ ಸೊಪ್ಪಿನ ಪಲ್ಯ. ಆ ಹೆಸರಿನ ಅರ್ಥ "ವಾರ ತಳ್ಳು". ಸಂಬಳ ಬರೋವರೆಗೆ ಸೊಪ್ಪಲ್ಲೇ ವಾರ ತಳ್ಳೋರ ಊಟ. ನಮ್ಮವ್ವ ಕೇಳಿದ್ದರೆ "ಇದ್ಯಾಕಪ್ಪ, ನಮ್ಮ ಬೆರಕೆ ಸೊಪ್ಪು" ಅಂತಿದ್ದಳು. ಇನ್ನು ರಾಗಿ. ಅಲ್ಲಿ ಅದಕ್ಕೆ ವಿಂಬಿ ಅಂತಾರೆ, ಬೆಳಗ್ಗೆ ಅಂಬಲಿ ಥರ ಉಜಿ ಮಾಡಿ ಕುಡೀತಾರೆ. ಪಶ್ಚಿಮ ಉಗಾಂಡದಲ್ಲಿ ಅದೇ ರಾಗಿಯಲ್ಲಿ ಮುದ್ದೆಯನ್ನೇ ಮಾಡ್ತಾರೆ, ಕರೋ ಅಂತ ಹೆಸರು. ಮಾಡ್ತಾರೆ ಏನು, ರಾಗಿ ಹುಟ್ಟಿದ್ದೇ ಆ ಎತ್ತರದ ಸೀಮೆಯಲ್ಲಿ, ಇಥಿಯೋಪಿಯಾ-ಉಗಾಂಡ ಭಾಗದಲ್ಲಿ, ಅಲ್ಲಿಂದ ಸಾವಿರಾರು ವರ್ಷದ ಹಿಂದೆ ನಮ್ಮ ನೆಲಕ್ಕೆ ಬಂತು ಅಂತ ಸಸ್ಯವಿಜ್ಞಾನಿಗಳು ಹೇಳ್ತಾರೆ. ನಮ್ಮ ಮುದ್ದೆಯ ತವರು ಅದು. ಬೇರೆಯವರಿಗೆ ಪರದೇಶ, ಮುದ್ದೆ ತಿನ್ನೋನಿಗೆ ಅಜ್ಜಿ ಮನೆ.

ಅವರು ನಮ್ಮಿಂದ ಕಲಿತದ್ದೂ ಉಂಟು. ಅಂಗಡಿಗೆ ಸ್ವಾಹಿಲಿಯಲ್ಲಿ ದುಕಾ ಅಂತಾರೆ, ಗಾಡಿಗೆ ಗಾರಿ. ಚಪಾತಿ ಅಂತೂ ಅಲ್ಲಿ ಹಬ್ಬದ ಅಡುಗೆ, ಕ್ರಿಸ್‌ಮಸ್ ದಿನ ಮನೆ ಮನೆಯಲ್ಲಿ ಚಪಾತಿ ಲಟ್ಟಿಸ್ತಾರೆ. ಒಂದು ನೂರು ವರ್ಷದಲ್ಲಿ ಅವರು ನಮ್ಮ ರೊಟ್ಟಿಯನ್ನು ಹಬ್ಬದ ಎಲೆಗೆ ಹಾಕ್ಕೊಂಡರು. ಅಲ್ಲಿದ್ದ ನಮ್ಮ ದೊಡ್ಡ ಮನುಷ್ಯರಲ್ಲಿ ಎಷ್ಟು ಜನ ಅವರ ಉಗಾಲಿಯನ್ನು ತಮ್ಮ ಎಲೆಗೆ ಹಾಕ್ಕೊಂಡರು?

ಹುಡುಗನಿಗೆ ಹೊಂದಿಕೊಳ್ಳೋಕೆ ಆಗದೇ ಇದ್ದದ್ದು ಒಂದೇ ಜಾಗ. ಕಂಪನಿಯ ಗೆಸ್ಟ್‌ಹೌಸು. ಕಂಪನಿ ಹೆಸರು ಬೇಡ, ಇವನು ಇನ್ನೂ ಅಲ್ಲೇ ದುಡೀಬೇಕು. ಪಾರ್ಕ್‌ಲ್ಯಾಂಡ್ಸ್ ಅನ್ನೋ ಏರಿಯಾ, ಭಾರತದವರು ಜಾಸ್ತಿ. ನಾಲ್ಕು ರೂಮು, ಏಳು ಜನ, ಎಲ್ಲ ಭಾರತದಿಂದ ಬಂದ ನೌಕರರು. ಅಡುಗೆಗೆ ಭಾರತದಿಂದಲೇ ಒಬ್ಬ ಮಹಾರಾಜ್. ಪೂರ್ತಿ ಸಸ್ಯಾಹಾರ, ಮೊಟ್ಟೆಯೂ ಒಳಗೆ ಬರೋ ಹಾಗಿಲ್ಲ. ಪಾತ್ರೆ, ಬಟ್ಟೆ, ನೆಲ, ಕಕ್ಕಸು ಎಲ್ಲ ತೊಳೆಯೋಕೆ ಕಾಕಾಮೆಗ ಕಡೆಯ ಒಬ್ಬ ಹೆಣ್ಣುಮಗಳು, ವಯಸ್ಸು ನಲವತ್ತು ದಾಟಿದೆ, ಇಬ್ಬರು ಮಕ್ಕಳನ್ನು ಊರಲ್ಲಿ ತಾಯಿ ಹತ್ರ ಬಿಟ್ಟು ಬಂದವಳು. ಕೀನ್ಯಾದಲ್ಲಿ ಹೆಂಗಸರನ್ನು ಹಿರಿ ಮಗುವಿನ ಹೆಸರು ಸೇರಿಸಿ "ಮಾಮಾ ಇಂಥವರು" ಅಂತ ಮರ್ಯಾದೆಯಿಂದ ಕರೀತಾರೆ. ಇವರು ಕರೆಯೋದು "ಹೌಸ್‌ಗರ್ಲ್". ನಲವತ್ತು ದಾಟಿದವಳು ಗರ್ಲ್, ಅರವತ್ತಾದ ತೋಟದ ಮಾಲಿ "ಶಾಂಬಾ ಬಾಯ್". ನಮ್ಮ ತಾತನ ವಯಸ್ಸಿನವರನ್ನು ಗೌಡರ ಮನೆ ಚಿಲ್ಟಾರಿ "ಲೇ, ಬಾರೋ ಇಲ್ಲಿ" ಅಂತ ಕರೀತಿತ್ತಲ್ಲ, ಅದರ ಇಂಗ್ಲಿಷ್ ಅನುವಾದ.

ಎರಡನೇ ವಾರ ಹುಡುಗ ರಾತ್ರಿ ಫೋನ್ ಮಾಡಿದ. "ಮಾವ, ಇಲ್ಲೂ ಇದೆ" ಅಂದ. ಏನಪ್ಪ ಇದೆ ಅಂದೆ. "ಲೋಟ" ಅಂದ.

ಸಿಂಕಿನ ಕೆಳಗೆ, ಫಿನಾಯಿಲ್ ಡಬ್ಬ ಇಡೋ ಜಾಗದಲ್ಲಿ ಒಂದು ಪ್ಲಾಸ್ಟಿಕ್ ತಟ್ಟೆ, ಹಿಡಿ ಮುರಿದ ಒಂದು ಕಪ್ಪು. ಅದು ಅವಳದು. ಇವರು ಉಣ್ಣೋ ಪ್ರತಿ ತಟ್ಟೆಯನ್ನೂ ಆಕೆಯೇ ಉಜ್ಜಬೇಕು, ಇವರು ತಿನ್ನೋ ಚಪಾತಿ ಹಿಟ್ಟನ್ನೂ ಮಹಾರಾಜ್ ರಜ ಹಾಕಿದ ದಿನ ಆಕೆಯೇ ನಾದಬೇಕು, ಆದರೆ ಇವರ ಕಪ್ಪಿನಲ್ಲಿ ಚಾ ಕುಡಿಯೋ ಹಾಗಿಲ್ಲ. ಚಾ ಮೇಲಿಂದ ಹುಯ್ಯೋದು. ಬಂಧುಗಳೆ, ಹೋಟೆಲಿನ ಎರಡು ಲೋಟ ಪದ್ಧತಿ ವಿರುದ್ಧ ನಮ್ಮ ದಲಿತ ಸಂಘರ್ಷ ಸಮಿತಿಯ ಹಿರಿಯರು ತಾಲ್ಲೂಕು ತಾಲ್ಲೂಕಿನಲ್ಲಿ ಹೊಡೆದಾಡಿದರಲ್ಲ, ಕೇಸ್ ಹಾಕಿಸಿಕೊಂಡರಲ್ಲ, ಆ ಲೋಟ ಪಾಸ್‌ಪೋರ್ಟ್ ಮಾಡಿಸ್ಕೊಂಡು, ವೀಸಾ ತಗೊಂಡು, ಹಿಂದೂ ಮಹಾಸಾಗರ ದಾಟಿ ಕೀನ್ಯಾದಲ್ಲಿ ಸಿಂಕಿನ ಕೆಳಗೆ ಕೂತಿದೆ.

ಹುಡುಗ ಮಾರನೇ ದಿನ ಎಲ್ಲರೂ ಕುಡಿಯೋ ಕಪ್ಪಿಗೇ ಚಾ ಹಾಕಿ ಆಕೆಗೆ ಕೊಟ್ಟ. ಆಕೆ ಹೆದರಿ ತಗೊಳ್ಳಲೇ ಇಲ್ಲವಂತೆ. ಅವತ್ತು ಸಂಜೆ ಜೊತೆಯವರು ಸುತ್ತ ಕೂತು ವಿಚಾರಣೆ ಶುರು ಮಾಡಿದರು. ಅಲ್ಲಿವರೆಗೆ ಯಾರೂ ಕೇಳಿರಲಿಲ್ಲ. ನಿನ್ನ ಪೂರ್ತಿ ಹೆಸರೇನು? ನಿಮ್ಮಪ್ಪನ ಹೆಸರೇನು? ಮನೆದೇವರು ಯಾವುದು? ಅವರಲ್ಲಿದ್ದ ಒಬ್ಬ ಕನ್ನಡದವನೇ ನೇರವಾಗಿ ಕೇಳಿದ, "ನೀವು ಯಾವ ಪೈಕಿ?" ಇವನು ಮುಚ್ಚಿಡಲಿಲ್ಲ, ಹೇಳಿದ. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆಮೇಲಿಂದ ಮಹಾರಾಜ್ ಇವನ ಊಟ ಡಬ್ಬಿಯಲ್ಲಿ ತುಂಬಿ ಬೇರೆ ಇಡೋಕೆ ಶುರು ಮಾಡಿದ, "ನೀವು ಲೇಟಾಗಿ ಬರ್ತೀರಲ್ಲ, ಅದಕ್ಕೆ" ಅಂತ ನೆಪ. ಇಂಥದ್ದಕ್ಕೆ ಅಲ್ಲಿ ಯಾವ ಕೇಸ್ ಹಾಕ್ತೀರಿ? ನಮ್ಮ ದೌರ್ಜನ್ಯ ತಡೆ ಕಾಯ್ದೆಗೆ ವೀಸಾ ಇಲ್ಲ.

ಎಲ್ಲಿಂದ ಬಂತು ಇದು ಅಂತ ಸ್ವಲ್ಪ ಹಿಂದಕ್ಕೆ ಹೋಗಿ ನೋಡಬೇಕು. 1896ರಿಂದ 1901ರವರೆಗೆ ಬ್ರಿಟಿಷರು ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದ ತನಕ ರೈಲು ಹಾಕಿದರು. ಅದಕ್ಕೆ ಭಾರತದಿಂದ, ಬಹುಪಾಲು ಪಂಜಾಬಿನಿಂದ, ಸುಮಾರು 32,000 ಕೂಲಿಗಳನ್ನು ಕರ್ಕೊಂಡು ಹೋದರು. ಸುಮಾರು 2,500 ಜನ ಅಲ್ಲೇ ಸತ್ತರು. ಹಾಗೆ ಸತ್ತವರ ಬೆವರಿನ ಮೇಲೆ, ಹಿಂದಿನಿಂದ ವ್ಯಾಪಾರಿಗಳು ಬಂದು ದುಕಾ ತೆರೆದರು. ಬಿಳಿಯರು ಅಲ್ಲಿ ಏಣಿ ಒಂದನ್ನು ನಿಲ್ಲಿಸಿದರು. ಮೇಲೆ ಬಿಳಿಯ, ನಡುವೆ ಭಾರತದವನು, ಕೆಳಗೆ ಆಫ್ರಿಕದವನು. ಒಳ್ಳೆ ಜಮೀನಿರೋ ಎತ್ತರದ ಸೀಮೆಯನ್ನು ಬಿಳಿಯರು ತಮಗೆ ಮಾತ್ರ ಅಂತ ಇಟ್ಕೊಂಡರು, ಭಾರತದವನಿಗೂ ಕೊಡಲಿಲ್ಲ. ಭಾರತದ ವ್ಯಾಪಾರಿ ಅದಕ್ಕೆ ಗೊಣಗಿದ, ಆದರೆ ಕೆಳಗೆ ಒಬ್ಬನಿದ್ದಾನಲ್ಲ ಅನ್ನೋ ಸಮಾಧಾನ ಅವನಿಗೆ ಸಾಕಾಯ್ತು. ಬಾಬಾಸಾಹೇಬರು ಶ್ರೇಣೀಕೃತ ಅಸಮಾನತೆ ಅಂದದ್ದು ಇದನ್ನೇ ಅಲ್ಲವಾ? ಮೇಲಿನವನ ಒದೆತವನ್ನು ಕೆಳಗಿನವನನ್ನು ಒದೆಯೋ ಹಕ್ಕಿಗಾಗಿ ಸಹಿಸಿಕೊಳ್ಳೋದು. ಬಿಳಿಯರಿಗೆ ಇದನ್ನು ನಮ್ಮವರಿಗೆ ಕಲಿಸೋ ಕೆಲಸವೇ ಇರಲಿಲ್ಲ. ಊರಿಂದಲೇ ಕಲಿತು ಹೋಗಿದ್ದರು.

ಅಲ್ಲಿ ಹೋಗಿಯೂ ಒಂದಾಗಿದ್ದರಾ? ಲೋಹಾಣರಿಗೆ ಒಂದು ಮಹಾಜನ, ಓಸ್ವಾಲರಿಗೆ ಒಂದು ಸಮುದಾಯ ಭವನ, ಪಟೇಲರಿಗೆ ಒಂದು, ಹೀಗೆ ಜಾತಿಗೊಂದು ಛತ್ರ. ಗೋವಾದವರು ಕ್ರೈಸ್ತರು, ಅವರಲ್ಲೂ ನೈರೋಬಿಯಲ್ಲಿ ಸಾಹೇಬರ ಕ್ಲಬ್ಬು ಬೇರೆ, ದರ್ಜಿಗಳ ಸೊಸೈಟಿ ಬೇರೆ. ಕತ್ತರಿ ಹಿಡಿದವನು ಪೆನ್ನು ಹಿಡಿದವನ ಕ್ಲಬ್ಬಿಗೆ ಸಲ್ಲಲಿಲ್ಲ.

ಇದರ ಫಲ ಏನಾಯ್ತು ಅಂತಲೂ ಗೊತ್ತು. 1972ರ ಆಗಸ್ಟ್‌ನಲ್ಲಿ ಇದಿ ಅಮೀನ್ ಉಗಾಂಡದಲ್ಲಿದ್ದ ಏಷ್ಯಾದವರಿಗೆ 90 ದಿನದಲ್ಲಿ ಜಾಗ ಖಾಲಿ ಮಾಡಿ ಅಂದ. ಅಮೀನ್ ಕೊಲೆಗಡುಕ, ಅವನನ್ನು ಹೊಗಳೋ ಪ್ರಶ್ನೆಯೇ ಇಲ್ಲ. ಸ್ವಂತ ಜನರನ್ನೇ ಲಕ್ಷಗಟ್ಟಲೆ ಕೊಂದವನು. ಹೊರಟವರಲ್ಲಿ ಬಡ ಗುಮಾಸ್ತರು, ಮೇಷ್ಟ್ರುಗಳು, ಮೆಕ್ಯಾನಿಕ್‌ಗಳು ಎಷ್ಟೋ ಜನ. ಆದರೆ ಅವತ್ತು ಬೀದಿಯ ಆಫ್ರಿಕದವನು ಯಾಕೆ ಅಡ್ಡ ಬಂದು ನಿಲ್ಲಲಿಲ್ಲ ಅನ್ನೋ ಪ್ರಶ್ನೆಯನ್ನು ನಮ್ಮ ಪತ್ರಿಕೆಗಳು ಇವತ್ತಿನವರೆಗೂ ಕೇಳಿಲ್ಲ. ಎಪ್ಪತ್ತು ವರ್ಷ ಸಿಂಕಿನ ಕೆಳಗಿನ ಕಪ್ಪಿನಲ್ಲಿ ಚಾ ಕುಡಿದವನು ಅಡ್ಡ ಬರ್ತಾನಾ? ಮುಂಬೈಯಲ್ಲಿ ದಲಿತ್ ಪ್ಯಾಂಥರ್ಸ್ ಹುಟ್ಟಿದ್ದೂ ಅದೇ 1972ರಲ್ಲಿ. ಅಮೆರಿಕದ ಕಪ್ಪುಜನರ ಪ್ಯಾಂಥರ್ ಹೆಸರನ್ನು ನಮ್ಮವರು ಎದೆಗೆ ಒತ್ತಿಕೊಂಡ ವರ್ಷ.

ಎಲ್ಲರೂ ಹಾಗಿರಲಿಲ್ಲ, ಅದನ್ನೂ ಹೇಳಬೇಕು. ಮಖನ್ ಸಿಂಗ್ ಅಂತ ಒಬ್ಬರಿದ್ದರು, ರೈಲ್ವೆಯಲ್ಲಿ ಬಡಗಿಯಾಗಿದ್ದವರ ಮಗ. 1930ರ ದಶಕದಲ್ಲೇ ನೈರೋಬಿಯಲ್ಲಿ ಜನಾಂಗದ ಭೇದ ಇಲ್ಲದ ಕಾರ್ಮಿಕ ಸಂಘ ಕಟ್ಟಿದರು. 1950ರಲ್ಲಿ ಬಹಿರಂಗ ಸಭೆಯಲ್ಲಿ ಪೂರ್ವ ಆಫ್ರಿಕಾಕ್ಕೆ ಪೂರ್ಣ ಸ್ವಾತಂತ್ರ್ಯ ಬೇಕು ಅಂದರು. ಬ್ರಿಟಿಷರು ಹನ್ನೊಂದು ವರ್ಷಕ್ಕೂ ಮೇಲೆ ಬಂಧನದಲ್ಲಿ ಇಟ್ಟರು. ಪಿಯೋ ಗಾಮಾ ಪಿಂಟೊ, ಗೋವಾ ಮೂಲದವರು, ಮೌಮೌ ಹೋರಾಟಗಾರರ ಜೊತೆ ನಿಂತು ಜೈಲು ಕಂಡವರು. ಸ್ವಾತಂತ್ರ್ಯ ಬಂದ ಮೇಲೂ ಬಡವರಿಗೆ ಭೂಮಿ ಎಲ್ಲಿ ಅಂತ ಕೇಳಿದ್ದಕ್ಕೆ ಶತ್ರುಗಳಾದರು. 1965ರ ಫೆಬ್ರವರಿ 24ರಂದು ನೈರೋಬಿಯಲ್ಲಿ ಅವರ ಮನೆ ಗೇಟಿನ ಹತ್ತಿರವೇ ಗುಂಡಿಟ್ಟು ಕೊಂದರು. ಅಡ್ಜಸ್ಟ್ ಆಗೋದು ಅಂದ್ರೆ ಇವರದು ಕಣ್ರೀ! ಕಾಫಿ ಲೋಟ ಹಿಡಿದು ಕರೆಂಟಿನ ಕತೆ ಹೇಳೋರಿಗೆ ಇವರಿಬ್ಬರ ಹೆಸರು ಕೇಳಿ ನೋಡಿ, ಮುಖ ಮುಖ ನೋಡ್ತಾರೆ.

ಆಫ್ರಿಕದವರಿಗೆ ನಮ್ಮ ಬಗ್ಗೆ ಏನೂ ಗೊತ್ತಿಲ್ಲ ಅನ್ಕೊಂಡಿರೋರಿಗೆ ಒಂದು ನೆನಪು. 2016ರಲ್ಲಿ ಭಾರತ ಸರ್ಕಾರ ಘಾನಾ ವಿಶ್ವವಿದ್ಯಾಲಯದಲ್ಲಿ ಗಾಂಧಿ ಪ್ರತಿಮೆ ನಿಲ್ಲಿಸಿತು, ರಾಷ್ಟ್ರಪತಿಯೇ ಹೋಗಿ ಅನಾವರಣ ಮಾಡಿದರು. ದಕ್ಷಿಣ ಆಫ್ರಿಕದಲ್ಲಿದ್ದಾಗ ಗಾಂಧಿ ಕಪ್ಪುಜನರ ಬಗ್ಗೆ ಬರೆದ ಮಾತುಗಳನ್ನು ಅಲ್ಲಿನ ಪ್ರೊಫೆಸರ್‌ಗಳು ಓದಿ, ಪಟ್ಟು ಹಿಡಿದು, 2018ರ ಡಿಸೆಂಬರ್‌ನಲ್ಲಿ ಅದನ್ನು ತೆಗೆಸಿದರು.

ಈಗ ನಮ್ಮದೇ ರಾಜ್ಯದವರ ಕತೆ. ಆಫ್ರಿಕಾಕ್ಕೆ ಅತ್ಯಂತ ಚೆನ್ನಾಗಿ ಹೊಂದಿಕೊಂಡ ಕನ್ನಡನಾಡಿನ ಜನ ಯಾರು ಗೊತ್ತಾ? ಎಂಬಿಎ ಮಾಡಿದವರಲ್ಲ. ಹಕ್ಕಿಪಿಕ್ಕಿಗಳು. ಹುಣಸೂರಿನ ಪಕ್ಷಿರಾಜಪುರ, ಶಿವಮೊಗ್ಗ, ದಾವಣಗೆರೆ ಕಡೆಯ ಹಕ್ಕಿಪಿಕ್ಕಿ ಕಾಲೊನಿಗಳಿಂದ ಗಂಡ ಹೆಂಡತಿ ಜೊತೆಯಾಗಿ ಗಿಡಮೂಲಿಕೆ, ತಲೆಗೂದಲ ಎಣ್ಣೆ ಮಾರೋಕೆ ಆಫ್ರಿಕದ ದೇಶ ದೇಶ ಸುತ್ತುತಾರೆ. 1972ರಲ್ಲಿ ವನ್ಯಜೀವಿ ಕಾಯ್ದೆ ಬಂದು ಹಕ್ಕಿ ಹಿಡಿಯೋ ಕಸುಬು ಅಪರಾಧ ಆಯ್ತು, ಬದಲಿಗೆ ಸರ್ಕಾರ ಕೊಟ್ಟದ್ದು ಅಷ್ಟಕ್ಕಷ್ಟೆ. ಮನೆಯಲ್ಲಿ ವಾಗ್ರಿ ಮಾತು, ಜೊತೆಗೆ ಕನ್ನಡ, ತೆಲುಗು, ತಮಿಳು, ಹಿಂದಿ. ಇಷ್ಟು ಭಾಷೆ ನಾಲಿಗೆ ಮೇಲಿರೋರಿಗೆ ಇನ್ನೊಂದು ಭಾಷೆ ಏನು ಲೆಕ್ಕ? ಸಾಲ ಮಾಡಿ ಟಿಕೆಟ್ ತಗೊಂಡು, ಅಲ್ಲಿನ ಬಡವರ ಓಣಿಯಲ್ಲೇ ರೂಮು ಹಿಡಿದು, ಅಲ್ಲಿನ ಸಂತೆಯಲ್ಲೇ ಕೂತು ವ್ಯಾಪಾರ ಮಾಡ್ತಾರೆ. ಜನರೇಟರ್ ಇಲ್ಲ, ಅಸ್ಕಾರಿ ಇಲ್ಲ, ಮಹಾರಾಜ್ ಇಲ್ಲ.

2023ರ ಏಪ್ರಿಲ್ 15ಕ್ಕೆ ಸುಡಾನಿನಲ್ಲಿ ಸೇನೆಗೂ ಅರೆಸೇನಾ ಪಡೆಗೂ ಯುದ್ಧ ಹತ್ತಿಕೊಂಡಾಗ ಇವರು ಸಿಕ್ಕಿಹಾಕಿಕೊಂಡರು. ಅನ್ನ ನೀರಿಲ್ಲದೆ ಬಾಗಿಲು ಹಾಕ್ಕೊಂಡು ವಿಡಿಯೊ ಕಳಿಸಿದರು. ಸಿದ್ದರಾಮಯ್ಯನವರು 31 ಜನ ಹಕ್ಕಿಪಿಕ್ಕಿಗಳನ್ನು ಕರೆತನ್ನಿ ಅಂತ ಟ್ವೀಟ್ ಮಾಡಿದರೆ, ವಿದೇಶಾಂಗ ಸಚಿವರಿಗೆ ಅದರಲ್ಲಿ ಕಂಡದ್ದು ರಾಜಕೀಯ. ಆಮೇಲೆ ಆಪರೇಷನ್ ಕಾವೇರಿ ಅಂತ ಹೆಸರಿಟ್ಟು ಪೋರ್ಟ್ ಸುಡಾನ್, ಜೆಡ್ಡಾ ಮೂಲಕ ಜನರನ್ನು ಕರೆತಂದರು, ಅದಕ್ಕೆ ಧನ್ಯವಾದ ಹೇಳೋಣ. ಆದರೆ ಆ ವಾರ ನಮ್ಮ ಆಫೀಸಿನಲ್ಲಿ ನನ್ನ ಪಕ್ಕದ ಟೇಬಲ್ಲಿನವರು ಕೇಳಿದ್ದೇನು ಗೊತ್ತಾ? "ಇವರು ಅಲ್ಲಿಗ್ಯಾಕೆ ಹೋಗಿದ್ರಂತೆ?" ಅದೇ ಮನುಷ್ಯರ ಭಾವಮೈದ ದಾರ್ ಎಸ್ ಸಲಾಮ್‌ನಲ್ಲಿದ್ದಾನೆ. ಅವನು ಹೋದದ್ದು ಸಾಹಸ, ಹಕ್ಕಿಪಿಕ್ಕಿ ಹೋದದ್ದು ಅಧಿಕಪ್ರಸಂಗ!

ಇದರ ಇನ್ನೊಂದು ಮಗ್ಗುಲೂ ಇದೆ, ಅವರು ನಮ್ಮಲ್ಲಿಗೆ ಬಂದಾಗ. 2016ರ ಜನವರಿ ಕೊನೆಯಲ್ಲಿ ಬೆಂಗಳೂರಿನ ಹೆಸರಘಟ್ಟ ರಸ್ತೆಯಲ್ಲಿ ಯಾರೋ ಸುಡಾನಿನವನು ಮಾಡಿದ ಅಪಘಾತಕ್ಕೆ, ಸಂಬಂಧವೇ ಇಲ್ಲದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಹೊಡೆದು ಕಾರು ಸುಟ್ಟಿತು. ಕಪ್ಪು ಅಂದ್ರೆ ಎಲ್ಲ ಒಂದೇ. ಅಷ್ಟು ದೂರ ಯಾಕೆ, ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿಗಳು ಶತಮಾನಗಳಿಂದ ನಮ್ಮವರು. ಅವರ ಪೂರ್ವಿಕರನ್ನು ಗುಲಾಮರಾಗಿ ಹಡಗಿನಲ್ಲಿ ತಂದದ್ದು, ಕಾಡು ಸೇರಿ ಬದುಕಿದರು. ನಮಗಿಂತ ಸೊಗಸಾಗಿ ಕನ್ನಡ, ಕೊಂಕಣಿ ಮಾತಾಡ್ತಾರೆ. ಪರಿಶಿಷ್ಟ ಪಂಗಡ ಅಂತ ಸೇರಿಸೋಕೆ 2003ರವರೆಗೆ ಕಾಯಿಸಿದರು. ಇವತ್ತಿಗೂ ಸಿದ್ದಿ ಹುಡುಗ ಬೆಂಗಳೂರು ಬಸ್ ಹತ್ತಿದರೆ "ವಿಚ್ ಕಂಟ್ರಿ?" ಅಂತ ಕೇಳ್ತಾರೆ. ಇನ್ನೆಷ್ಟು ಶತಮಾನ ಅಡ್ಜಸ್ಟ್ ಆಗಬೇಕಂತೆ?

ಕೆಲವರು ಹೇಳಬಹುದು, ಅಲ್ಲಿ ಕಳ್ಳತನ ಇರೋದು ನಿಜ ಅಲ್ಲವಾ, ಗೇಟು, ಬೀಗ ಬೇಡವಾ ಅಂತ. ನಿಜ, ಇದೆ. ನಮ್ಮ ಹುಡುಗನ ಮೊಬೈಲೇ ಮಟಾಟು ಕಿಟಕಿಯಿಂದ ಕಿತ್ಕೊಂಡು ಹೋದರು. ಬೀಗ ಹಾಕಿ, ಯಾರು ಬೇಡ ಅಂದರು? ಆದರೆ ತಟ್ಟೆ ಬೇರೆ ಇಟ್ಟರೆ ಮೊಬೈಲ್ ಉಳಿಯುತ್ತಾ? ಆಫ್ರಿಕದವರಲ್ಲೂ ಬುಡಕಟ್ಟು ಜಗಳ ಇಲ್ಲವಾ ಅಂತಾರೆ. ಇದೆ. 2007ರ ಕೊನೆಯಲ್ಲಿ ಕೀನ್ಯಾದ ಚುನಾವಣೆ ಆದ ಮೇಲೆ ಬುಡಕಟ್ಟಿನ ಹೆಸರಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು. ಅದನ್ನು ಅಲ್ಲಿನ ಜನವೇ ನೋವಿನಿಂದ ಮಾತಾಡ್ತಾರೆ, ಹೊಸ ಸಂವಿಧಾನ ಬರೆದುಕೊಂಡರು. ಅವರ ಮನೆ ಗಲಾಟೆ ತೋರಿಸಿ ನಮ್ಮ ಲೋಟ ಮುಚ್ಚಿಡೋದು ಬೇಡ.

ಇನ್ನು ನಮ್ಮವರಿಗೆ ಒಂದು ಮಾತು. ಸಿಟ್ಟು ಬಂದರೂ ಚಿಂತೆ ಇಲ್ಲ. ನೀಲಿ ಶಾಲು ಹಾಕ್ಕೊಂಡು ಭಾಷಣ ಮಾಡಿದ ನಮ್ಮ ಹುಡುಗರೇ ಅಲ್ಲಿಂದ ಫೋನ್ ಮಾಡಿ "ಈ ಕರಿಯರು ಬಲೇ ಸೋಮಾರಿಗಳು ಅಣ್ಣ" ಅಂದಾಗ ನನಗೆ ಮೈಯೆಲ್ಲ ಉರಿದು ಹೋಗಿದೆ. ನಮ್ಮಪ್ಪನ ಬಗ್ಗೆ ಗೌಡರು ಹೇಳ್ತಿದ್ದದ್ದು ಅಕ್ಷರಕ್ಕೆ ಅಕ್ಷರ ಇದೇ ಮಾತು! ಏಣಿಯಲ್ಲಿ ಒಂದು ಮೆಟ್ಟಿಲು ಸಿಕ್ಕಿತು ಅಂತ ಕೆಳಗೆ ಉಗುಳೋಕೆ ಶುರು ಮಾಡಿದರೆ, ಮೇಲಿನವನ ಉಗುಳು ತಲೆ ಮೇಲೆ ಬೀಳೋದು ನಿಲ್ಲುತ್ತಾ? ಬಾಬಾಸಾಹೇಬರು 1913ರಲ್ಲಿ ಅಮೆರಿಕಕ್ಕೆ ಹೋದವರು, ಪರದೇಶದಲ್ಲಿದ್ದ ಐದು ವರ್ಷದಲ್ಲಿ ತಾನು ಅಸ್ಪೃಶ್ಯ ಅನ್ನೋದೇ ಮರೆತುಹೋಗಿತ್ತು ಅಂತ ಬರೆದಿದ್ದಾರೆ. ನೆನಪಿಸಿದ್ದು ಬರೋಡ, ಉಳಿಯೋಕೆ ಒಂದು ಕೋಣೆ ಸಿಗದೆ ಪಾರ್ಸಿ ವಸತಿಗೃಹದಿಂದ ದೊಣ್ಣೆ ಹಿಡಿದು ಓಡಿಸಿದಾಗ. ನಮ್ಮ ಹುಡುಗನಿಗೆ ಆ ಐದು ವರ್ಷವೂ ಸಿಗಲಿಲ್ಲ, ಬರೋಡವೇ ನೈರೋಬಿಗೆ ಹೋಗಿ ಕಾಯ್ತಾ ಕೂತಿತ್ತು. 1946ರಲ್ಲಿ ಬಾಬಾಸಾಹೇಬರು ಕಪ್ಪುಜನರ ನಾಯಕ ಡುಬಾಯ್ಸ್ ಅವರಿಗೆ ಪತ್ರ ಬರೆದು, ಅವರ ಜನ ವಿಶ್ವಸಂಸ್ಥೆಗೆ ಕೊಟ್ಟ ಮನವಿಯ ಪ್ರತಿ ಕೇಳಿದ್ದರು. ಅವರ ಹೆಸರಲ್ಲಿ ಜೈ ಅನ್ನೋರು "ಕರಿಯರು" ಅಂತಾರೆ ಅಂದ್ರೆ ನಾಚಿಕೆ ಆಗಬೇಕು.

ಹುಡುಗ ಗೆಸ್ಟ್‌ಹೌಸ್ ಬಿಟ್ಟ. ಕೀನ್ಯಾದವರೇ ಇರೋ ಕಟ್ಟಡದಲ್ಲಿ ಒಂದು ಕೋಣೆಯ ಬೆಡ್‌ಸಿಟರ್ ಹಿಡಿದಿದ್ದಾನೆ. ಬಾಡಿಗೆ ಕೈಯಿಂದ ಹೋಗುತ್ತೆ, ಊರಿಗೆ ಕಳಿಸೋ ದುಡ್ಡು ಕಮ್ಮಿ ಆಯ್ತು, ಅಕ್ಕನಿಗೆ ಅದೊಂದು ಬೇಜಾರು. ನೀರಿಗೆ ಡ್ರಮ್ ಇಟ್ಟಿದ್ದಾನೆ, ಲಿಫ್ಟ್ ಇಲ್ಲ. ಕೆಳಗೆ ಒಬ್ಬ ಮಾಮಾ ಎಂಬೋಗಾ, ಅಂದ್ರೆ ತರಕಾರಿ ಅಮ್ಮ, ಇವನು ಕೆಲಸದಿಂದ ಬರೋ ಹೊತ್ತಿಗೆ ಸೊಪ್ಪು ಹೆಚ್ಚಿ ಕವರಿಗೆ ಹಾಕಿ ಇಟ್ಟಿರ್ತಾಳೆ, ದುಡ್ಡು ಇಲ್ಲದ ದಿನ ಸಾಲ. ಅಲ್ಲಿ ಯಾರೂ ಅವನನ್ನು ಯಾವ ಪೈಕಿ ಅಂತ ಕೇಳಿಲ್ಲ. ಅವರಿಗೆ ಅವನು ಬರೀ ಮುಹಿಂದಿ, ಭಾರತದವನು. ಹಾಗಂತ ಮೊದಮೊದಲು ಮುಖ ತಿರುಗಿಸ್ತಿದ್ದರಂತೆ. ತಪ್ಪು ಅವರದಲ್ಲ, ಮುಹಿಂದಿ ಅಂದ್ರೆ ಗೇಟಿನ ಆ ಕಡೆಯವನು ಅಂತಲೇ ಅವರು ಕಂಡಿರೋದು.

ಹೊರಟಿರೋ ಆ ಮೂವರಿಗೆ, ಇನ್ನು ಮುಂದೆ ಹೋಗೋರಿಗೆ ನನ್ನ ಕಡೆಯಿಂದ ಇಷ್ಟು. ಹೋಗಿ, ಧೈರ್ಯವಾಗಿ ಹೋಗಿ. ಹೋಗೋಕೆ ಮೊದಲು ಸ್ವಾಹಿಲಿ ನೂರು ಪದ ಬಾಯಿಪಾಠ ಮಾಡಿ, ಹಿಂದಿ ಮೇಲೆ ನಂಬಿಕೆ ಇಟ್ಕೋಬೇಡಿ. ಕಂಪನಿ ರೂಮು ಕೊಡುತ್ತೆ ಅಂದ್ರೆ ಜೊತೆ ಇರೋರು ಯಾರು, ಊಟ ಯಾರ ಕಟ್ಟಳೆಯದು, ಬೇಡ ಅಂದ್ರೆ ಬಾಡಿಗೆ ಭತ್ಯೆ ಕೊಡ್ತಾರಾ ಅಂತ ಆಫರ್ ಲೆಟರಿಗೆ ಸಹಿ ಹಾಕೋಕೆ ಮೊದಲೇ ಕೇಳಿ. ಅಡ್ಡಹೆಸರು ಬದಲಾಯಿಸಿ ಬಚ್ಚಿಟ್ಕೋಬೇಡಿ, ಆರು ತಿಂಗಳಲ್ಲಿ ಹೇಗೂ ಗೊತ್ತಾಗುತ್ತೆ, ಅಲ್ಲಿವರೆಗೆ ನಿದ್ದೆ ಹಾಳು.

ಮನೆಗೆಲಸಕ್ಕೆ ಯಾರನ್ನಾದರೂ ಇಟ್ಟುಕೊಂಡರೆ ಕಾನೂನು ತಿಳ್ಕೊಳ್ಳಿ. ಕೀನ್ಯಾ ಸರ್ಕಾರ ಮನೆಗೆಲಸದವರಿಗೆ ಕನಿಷ್ಠ ವೇತನ ಗೊತ್ತು ಮಾಡಿದೆ. 2022ರ ಆದೇಶದಲ್ಲಿ ನೈರೋಬಿಗೆ ತಿಂಗಳಿಗೆ 15,201 ಶಿಲಿಂಗ್ ಇತ್ತು, ಆಮೇಲೆ ಇನ್ನೂ ಏರಿದೆ. ಆ ಪಟ್ಟಿಯಲ್ಲಿ ಮಗು ನೋಡ್ಕೊಳ್ಳೋರಿಗೆ ಬರೆದಿರೋ ಪದ ಯಾವುದು ಗೊತ್ತಾ? "ಆಯಾ". ನಮ್ಮ ದೇಶದಿಂದ ಹೋದ ಪದ. ನಮ್ಮ ಹುಡುಗನ ಗೆಸ್ಟ್‌ಹೌಸಿನವರು ಆಕೆಗೆ ಕೊಡ್ತಿದ್ದದ್ದು 8,000. ಕೇಳಿದರೆ "ಊಟ ಹಾಕ್ತೀವಲ್ಲ" ಅಂದರಂತೆ. ಮನೆಗೆಲಸದವರಿಗೆ ಅಲ್ಲಿ ಕುಧೇಹ ಅಂತ ದೊಡ್ಡ ಕಾರ್ಮಿಕ ಸಂಘ ಇದೆ, ಹೋಟೆಲ್, ಆಸ್ಪತ್ರೆ ನೌಕರರೂ ಅದರಲ್ಲೇ. ಆಕೆಗೆ ಆ ಸಂಘದ ಕಚೇರಿ ತೋರಿಸಿಕೊಟ್ಟದ್ದು ನಮ್ಮ ಹುಡುಗನೇ. ಆಕೆ ಸದಸ್ಯೆ ಆಗಿದ್ದಾಳೆ. ಬಾಕಿ ಸಂಬಳದ ಮಾತುಕತೆ ನಡೀತಿದೆ, ಏನಾಗುತ್ತೋ ನೋಡಬೇಕು.

ಏಪ್ರಿಲ್ 14ಕ್ಕೆ ನೈರೋಬಿಯಲ್ಲಿ ಐದಾರು ಜನ ಸೇರಿ ಜಯಂತಿ ಮಾಡೋಣ ಅಂತಿದ್ದಾರೆ. ಭಾರತದವರ ಛತ್ರ ಕೇಳೋದು ಬೇಡ, ಆ ಸಂಘದವರನ್ನೇ ಕರೀರಿ, ಮಖನ್ ಸಿಂಗ್, ಪಿಂಟೊ ಫೋಟೊನೂ ಬಾಬಾಸಾಹೇಬರ ಪಕ್ಕ ಇಡಿ ಅಂತ ಹೇಳಿದ್ದೀನಿ. ನೈರೋಬಿ, ಕಂಪಾಲಾ, ದಾರ್ ಎಸ್ ಸಲಾಮ್ ಕಡೆ ನಮ್ಮವರು ಯಾರಾದರೂ ಇದ್ದರೆ ಇನ್‌ಬಾಕ್ಸಿಗೆ ಬನ್ನಿ, ಹುಡುಗರ ನಂಬರ್ ಕೊಡ್ತೀನಿ. ಬಾಬಾಸಾಹೇಬರ ಒಂದು ಒಳ್ಳೆ ಸ್ವಾಹಿಲಿ ಪರಿಚಯ ಎರಡು ಪುಟದಷ್ಟು ಬರೆದುಕೊಡೋರು ಬೇಕಾಗಿದ್ದಾರೆ, ಮಾರ್ಚ್ ಕೊನೆಯೊಳಗೆ.